ವಿಭೂತಿ ಬಳಿದ ಟ್ಯೂಬು

ಬೆಳಿಗ್ಗೆ ಸ್ನಾನ ಮುಗಿಸಿ ದೇವರ ಗೂಡಿಗೆ ಕೈ ಹಾಕಿದ ಅತ್ತೆಗೆ ವಿಭೂತಿ ಗಟ್ಟಿ ಸಿಗಲಿಲ್ಲ. ದೀಪದ ಕಂಬದ ಹಿಂದೆ ನೋಡಿದರು, ಬತ್ತಿಯ ಡಬ್ಬಿಯೊಳಗೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಪಾಠ ಮಾಡುವ ಶಾಲೆಗೆ ಊಟದ ಡಬ್ಬಿ ತುಂಬಿಕೊಳ್ಳುತ್ತಿದ್ದೆ. ಬಹಳ ಗಮನವಿಟ್ಟು ಮುಚ್ಚಳ ಒತ್ತತೊಡಗಿದೆ. ಕೊನೆಗೆ ಅದು ಸಿಕ್ಕಿದ್ದು ಜಗಲಿಯಲ್ಲಿ, ಮಾವನ ಕೈಯಲ್ಲಿ. ಅವರು ತಮ್ಮ ಮೊಪೆಡ್ಡಿನ ಹಿಂದಿನ ಚಕ್ರದ ಟ್ಯೂಬನ್ನು ತೊಡೆಯ ಮೇಲೆ ಹಾಕಿಕೊಂಡು, ಆಗಷ್ಟೇ ಅಂಟಿಸಿದ ತೇಪೆಯ ಮೇಲೆ ವಿಭೂತಿ ತಿಕ್ಕುತ್ತಾ ಕೂತಿದ್ದರು.

"ಅಯ್ಯೋ ಸಿವನೇ, ಟ್ಯೂಬ್‌ಗೆ ಈಬೂತಿ ಬಳೀತಾ ಕೂತಿದ್ದೀರಲ್ರೀ!"

"ತೇಪೆ ಮ್ಯಾಲೆ ಬಿಳೀ ಪುಡಿ ಆಕ್ಬೇಕಂತೆ. ಇಲ್ದಿದ್ರೆ ಟಯರ್‌ಗೆ ಅಂಟ್ಕತದಂತೆ."

"ಅಕ್ಕಿ ಇಟ್ಟು ಇರ್ನಿಲ್ವಾ?"

"ಅಕ್ಕಿ ಇಟ್ಟಿಗೆ ಇರುವೆ ಬತ್ತವೆ ಕಣೇ. ಇದ್ಕಾದ್ರೆ ಏನೂ ಬರಾಕಿಲ್ಲ, ದೆವ್ವಾನೂ ಬರಾಕಿಲ್ಲ."

ಬಿಳಿ ಪುಡಿ ಹಾಕಬೇಕೆಂದು ಮಾವನಿಗೆ ಹೇಳಿದವಳು ನಾನೇ. ಯಾವ ಪುಡಿ ಎಂದು ಹೇಳುವುದನ್ನು ಮರೆತಿದ್ದೆ. ನನಗೆ ಅದನ್ನು ಹೇಳಿಕೊಟ್ಟವರು ಯಾರು ಎಂಬುದು ಮಾತ್ರ ಆ ಮನೆಯಲ್ಲಿ ಯಾರಿಗೂ ಗೊತ್ತಾಗಬಾರದ ಸಂಗತಿಯಾಗಿತ್ತು. ಆದ್ದರಿಂದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಸ್ಕೂಟರ್ ತೆಗೆದು, ಅತ್ತೆ ಇನ್ನೊಂದು ಮಾತು ಕೇಳುವ ಮೊದಲೇ ಹೊರಟುಬಿಟ್ಟೆ.

ನಮ್ಮದು ಹೊನ್ನೂರಿನ ಕಡೆಯ ಊರು. ನಾನು ಹುಟ್ಟಿ ಬೆಳೆದದ್ದು ಕೊಳ್ಳೇಗಾಲದಲ್ಲಿ. ಮದುವೆಯಾಗಿ ಈ ಭತ್ತ, ಕಬ್ಬು, ತೆಂಗಿನ ನಡುವೆ ಬಂದೆ. ಗಂಡನಿಗೆ ಹನೂರಿನಲ್ಲಿ ಕೆಲಸ, ಅಲ್ಲೇ ರೂಮು ಮಾಡಿಕೊಂಡು ಶನಿವಾರ ಸಂಜೆ ಬರುವವರು. ವಾರವಿಡೀ ಮನೆಯಲ್ಲಿ ಅತ್ತೆ, ಮಾವ, ನಾನು. ಮಾವನಿಗೆ ತಾವೇ ಹೇಳಿಕೊಳ್ಳುವಷ್ಟು ಜಮೀನು, ಊರವರು ಹೇಳುವಷ್ಟು ಹಟ. ಅತ್ತೆಯ ಹಟ ಅದಕ್ಕಿಂತ ದೊಡ್ಡದು, ಆದರೆ ಅದಕ್ಕೆ ಸದ್ದಿಲ್ಲ.

ಮನೆಯಲ್ಲೇ ಪಂಚರ್ ಹಾಕಿಕೊಳ್ಳುವ ಕರ್ಮ ಮಾವನಿಗೆ ಯಾಕೆ ಬಂತು ಎಂದರೆ, ಊರಲ್ಲಿ ಪಂಚರ್ ಅಂಗಡಿ ಇಲ್ಲವೆಂದಲ್ಲ. ಇದೆ. ನಮ್ಮ ಜಗಲಿಯಲ್ಲಿ ನಿಂತರೆ ಕಾಣುವ ಕ್ರಾಸಿನಲ್ಲಿ, ಆಟೊ ನಿಲ್ಲುವ ಹುಣಸೆ ಮರದ ಕೆಳಗೇ ಇದೆ. ಆ ಅಂಗಡಿ ಅತ್ತೆಯ ಒಡಹುಟ್ಟಿದ ತಮ್ಮನದು. ಅತ್ತೆಯ ತವರು ಅಗರ. ತಮ್ಮ ತನ್ನೂರಿನಲ್ಲಿ ಅಂಗಡಿ ಹಾಕದೆ ಇಲ್ಲಿ ಬಂದು ಹಾಕಿದ್ದೇ ಅಕ್ಕನ ಕಣ್ಣೆದುರು ಇರಲಿ, ಮಧ್ಯಾಹ್ನ ಅಕ್ಕನ ಕೈಯ ಮುದ್ದೆ ಸಿಗಲಿ ಎಂದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರು ದಿನಾ ಊಟಕ್ಕೆ ಬರುತ್ತಿದ್ದರು. ಮನೆಯಲ್ಲಿ ಒಬ್ಬ ಮಾವ ಇದ್ದುದರಿಂದ ಇವರನ್ನು ನಾನು ಅಂಗಡಿ ಮಾವ ಎಂದು ಕರೆಯತೊಡಗಿದೆ. ಇಬ್ಬರೂ ಎದುರುಬದುರು ಕೂತು ಉಂಡು, ಎಲೆ ಅಡಿಕೆ ಹಾಕಿಕೊಂಡು, ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರೆ ಅತ್ತೆ ಬಾಗಿಲಿಗೊರಗಿ ನಿಂತು ನೋಡುತ್ತಿದ್ದರು. ಅವರ ಮುಖದಲ್ಲಿ ಆಗ ಇದ್ದ ಸಮಾಧಾನ ನನಗೆ ಇವತ್ತಿಗೂ ನೆನಪಿದೆ.

ಅದನ್ನೆಲ್ಲ ಹಾಳು ಮಾಡಿದ್ದು ಒಂದು ಪಂಚರ್ರು. ಒಂದು ದಿನ ಮಾವ ಅಂಗಡಿ ಮಾವನ ಹತ್ತಿರ ಪಂಚರ್ ಹಾಕಿಸಿಕೊಂಡು, ಹಿಂದೆ ಅತ್ತೆಯನ್ನು ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟರು. ಬೆಟ್ಟದ ಬುಡದ ಗೇಟು ದಾಟಿ, ಕಾಡಿನ ನಡುವೆ ಏರು ಸಿಕ್ಕಿದ ಮೇಲೆ ಅದೇ ಹಿಂದಿನ ಚಕ್ರ ಸುಯ್ಯೆಂದು ಕೂತಿತು. ರಸ್ತೆಯಲ್ಲಿ ಆಗಷ್ಟೇ ಹಾಕಿದ ಆನೆ ಲದ್ದಿ, ಇನ್ನೂ ಹಬೆಯಾಡುತ್ತಿತ್ತಂತೆ. ಮಾವ ಗಾಡಿ ತಳ್ಳುತ್ತಾ, ಅತ್ತೆ ಹಣ್ಣುಕಾಯಿ ಬುಟ್ಟಿ ಎದೆಗವಚಿಕೊಂಡು, ಇಬ್ಬರೂ ಉಸಿರು ಬಿಡದೆ ನಡೆದರು. ಕೊನೆಗೆ ಅರಣ್ಯ ಇಲಾಖೆಯ ಜೀಪೊಂದು ಬಂದು ಇಬ್ಬರನ್ನೂ ಗಾಡಿಯನ್ನೂ ಹತ್ತಿಸಿಕೊಂಡು ಯಳಂದೂರಿಗೆ ಬಿಟ್ಟಿತು. ಅಲ್ಲಿ ಯಾರೋ ಹೊಸ ಟ್ಯೂಬು ಹಾಕಿಕೊಟ್ಟರು. ಹಳೆಯ ಟ್ಯೂಬನ್ನು ಮಾವ ಹೆಗಲಿಗೆ ಹಾಕಿಕೊಂಡು ಬಂದರು.

ಮನೆಗೆ ಬರುವ ಬದಲು ನೇರ ಕ್ರಾಸಿಗೆ ಹೋದರು. ಆಟೊದವರು, ಟೀ ಕುಡಿಯುವವರು ಎಲ್ಲರ ಎದುರಿಗೆ ಕೂಗಾಡಿದರು. "ಉಗುಳಾಕಿ ಅಂಟಿಸ್ದೇನ್ಲಾ ತೇಪೆಯ? ಪಂಚರ್ ಆಕಾಕೆ ಬರ್ದಿದ್ರೆ ಅಂಗ್ಡಿ ಮುಚ್ಕಂಡು ದನ ಕಾಯೋಗು!"

"ಭಾವ, ನನ್ ತೇಪೆ ಬುಡಾಕಿಲ್ಲ. ಅದು ಬ್ಯಾರೆ ಮುಳ್ಳು," ಎಂದರಂತೆ ಅಂಗಡಿ ಮಾವ.

"ನಿನ್ ತೇಪೇನೇ!"

"ಬ್ಯಾರೆ ಮುಳ್ಳು!"

ಅಲ್ಲಿಗೆ ಮಾತು ನಿಂತಿತು. ಟ್ಯೂಬಿಗೆ ಒಂದಿಷ್ಟು ಗಾಳಿ ತುಂಬಿ ನೀರಿಗೆ ಬಿಟ್ಟಿದ್ದರೆ ಯಾರದು ಸರಿ ಎಂದು ಆ ಗಳಿಗೆಯಲ್ಲೇ ತಿಳಿಯುತ್ತಿತ್ತು. ಅಷ್ಟು ಸುಲಭದ ಕೆಲಸವನ್ನು ನಮ್ಮ ಕಡೆಯ ಗಂಡಸರು ಮಾಡುವುದಿಲ್ಲ. ಮಾವ ಆ ಟ್ಯೂಬನ್ನು ತಂದು ಸಾಕ್ಷಿ ಎಂದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದರು. ಆ ಸಾಕ್ಷಿಯನ್ನು ಯಾರೂ ವಿಚಾರಣೆ ಮಾಡಲಿಲ್ಲ.

ಆಮೇಲೆ ಶುರುವಾದದ್ದು ಮಾತು ಬಿಟ್ಟವರ ಮಾತು. ಅದು ಎಂಥದ್ದೆಂದು ನೋಡಿದವರಿಗೇ ಗೊತ್ತು. ಮಾವ ಕ್ರಾಸಿನಲ್ಲಿ ಟೀ ಕುಡಿಯುತ್ತಾ ಲೈಟು ಕಂಬದ ಕಡೆ ತಿರುಗಿ, "ಈಗೀಗ ಯಾರ್ ಬೇಕಾದ್ರೂ ಪಂಚರ್ ಅಂಗ್ಡಿ ಇಡ್ತಾರಪ್ಪ," ಎನ್ನುತ್ತಿದ್ದರು. ಅಂಗಡಿ ಮಾವ ಬಾಗಿಲಲ್ಲಿ ಮಲಗಿದ ನಾಯಿಗೆ, "ಕೆಲವ್ರು ರಸ್ತೆ ನೋಡ್ದೆ ಗಾಡಿ ಓಡಿಸ್ತಾರೆ, ಆಮೇಲೆ ತೇಪೆ ಮ್ಯಾಲೆ ತಪ್ಪಾಕ್ತಾರೆ ಕಣ್ಲಾ," ಎನ್ನುತ್ತಿದ್ದರು. ಕಂಬಕ್ಕೂ ನಾಯಿಗೂ ನಮ್ಮ ಮನೆಯ ಪುರಾಣ ಪೂರ್ತಿ ಬಾಯಿಪಾಠವಾಯಿತು. ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಅತ್ತೆಗೆ ನಗು ಬರಲಿಲ್ಲ. ಗೌರಿ ಹಬ್ಬ ಬಂತು. ನಮ್ಮಲ್ಲಿ ಗೌರಿ ಹಬ್ಬಕ್ಕೆ ತವರಿನಿಂದ ಅಣ್ಣನೋ ತಮ್ಮನೋ ಬಾಗಿನ ತರಬೇಕು. ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಇಟ್ಟ ಮೊರವನ್ನು ತಾನೇ ಕೈಯಾರೆ ಅಕ್ಕನ ಕೈಗೆ ಕೊಡಬೇಕು. ಅಂಗಡಿ ಮಾವ ಭಾವ ಕರೆಯದೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಕೂತರು. ಮಾವ, ತೇಪೆ ಬಿಟ್ಟದ್ದು ತನ್ನ ತಪ್ಪೇ ಎಂದು ಅವನು ಒಪ್ಪದೆ ಕರೆಯುವುದಿಲ್ಲ ಎಂದು ಕೂತರು. ಬಾಗಿನ ಆಟೊದವನ ಕೈಯಲ್ಲಿ ಬಂತು. ಅತ್ತೆ ಅದನ್ನು ತೆಗೆದುಕೊಂಡು ಗೋಡೆಯ ಪಕ್ಕ ಇಟ್ಟು, "ಮೊರ ಬಂತು, ತಮ್ಮ ಬರ್ನಿಲ್ಲ," ಎಂದರು. ಬಳೆ ತೊಟ್ಟುಕೊಳ್ಳಲಿಲ್ಲ. ಮರುವರ್ಷವೂ ಹಾಗೇ ಆಯಿತು. ಅಕ್ಕನಿಗೆ ತಮ್ಮನ ಅಂಗಡಿಯ ಮುಂದೆ ನೇತಾಡುವ ಟಯರು ಜಗಲಿಯಿಂದ ದಿನಾ ಕಾಣುತ್ತದೆ, ತಮ್ಮ ಕಾಣುತ್ತಾನೆ, ಅವನು ಮಧ್ಯಾಹ್ನ ಅಗರದಿಂದ ತಂದ ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುವುದೂ ಕಾಣುತ್ತದೆ.

ಎರಡನೆಯ ಗೌರಿ ಹಬ್ಬ ಕಳೆದ ಮೇಲೆ ಮಾವನ ಗಾಡಿ ಮೇಲಿಂದ ಮೇಲೆ ಪಂಚರ್ ಆಗತೊಡಗಿತು. ಪ್ರತಿ ಸಲವೂ ಹಿಂದಿನ ಚಕ್ರ, ಪ್ರತಿ ಸಲವೂ ಜಾಲಿ ಮುಳ್ಳು. ಮಾವ ಮೊದಲ ಸಲ ಗಾಡಿಯನ್ನು ಆಟೊದಲ್ಲಿ ಹಾಕಿಕೊಂಡು ಯಳಂದೂರಿಗೆ ಹೋಗಿ ಬಂದರು. ಎರಡನೆಯ ಸಲ ಜಗಲಿಯಲ್ಲಿ ಕೂತು ಬಹಳ ಹೊತ್ತು ಯೋಚನೆ ಮಾಡಿ, "ನಮ್ಮಟ್ಟೀಲೇ ಆಕ್ಕತೀನಿ. ಅದೇನ್ ಬ್ರಮ್ಮವಿದ್ಯೆಯಾ?" ಎಂದರು.

ಬ್ರಹ್ಮವಿದ್ಯೆಯೇ ಆಗಿತ್ತು. ಟಯರನ್ನು ರಿಮ್ಮಿನಿಂದ ಎಬ್ಬಿಸಲು ಅತ್ತೆಯ ಸಾರಿನ ಸೌಟು ಬಳಸಿದರು. ಸೌಟು ಬಗ್ಗಿತು, ಟಯರು ಬಗ್ಗಲಿಲ್ಲ. ಆಮೇಲೆ ಎರಡು ಸೌಟು ಹಾಕಿದರು. ಟ್ಯೂಬು ಹೊರಗೆ ಬಂತು, ಆದರೆ ಸೌಟಿನ ತುದಿ ತಗುಲಿ ಇನ್ನೆರಡು ತೂತು ಸೇರಿಕೊಂಡವು. ಅಂಟಿನ ಸೊಲ್ಯೂಷನ್ ಬಳಿದ ತಕ್ಷಣ ತೇಪೆ ಒತ್ತಿದರು. ಅದು ಜಾರಿ ಅವರ ಹೆಬ್ಬೆರಳಿಗೆ ಅಂಟಿಕೊಂಡಿತು. ಹೆಬ್ಬೆರಳಿನ ತೇಪೆ ಮಾತ್ರ ಎರಡು ದಿನ ಗಟ್ಟಿಯಾಗಿ ಕೂತಿತ್ತು. ಹೇಗೋ ಮಾಡಿ ಎಲ್ಲ ಮುಗಿಸಿ, ಗಾಳಿ ಹೊಡೆದು, ಹೆಮ್ಮೆಯಿಂದ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮತ್ತೆ ಪಂಚರ್ರು. ಮೊದಲಿನ ಮುಳ್ಳನ್ನು ಟಯರಿನಿಂದ ಕೀಳುವುದನ್ನೇ ಮರೆತಿದ್ದರು.

ಅತ್ತೆ ಒಳಗಿನಿಂದ, "ಕ್ರಾಸ್‌ಗೆ ತಕಂಡೋಗಿ ಅಂತ ನಾನೇನೂ ಯೋಳಾಕಿಲ್ಲ ಕಣಪ್ಪ," ಎಂದು ಊರಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು.

ಮುಳ್ಳಿನ ಗುಟ್ಟು ನನಗೆ ತಿಳಿದದ್ದು ಒಂದು ದಿನ ಬೆಳಗಿನ ಜಾವ ಹಿತ್ತಲಿಗೆ ಹೋದಾಗ. ಅತ್ತೆ ಮೊಪೆಡ್ಡಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಚಕ್ರಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದಾರೇನೋ ಎಂದುಕೊಂಡೆ. ಆಗ ಸುಯ್ ಎಂದು ಸದ್ದಾಯಿತು. ಅತ್ತೆಯ ಕೈಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳವಿತ್ತು. ಇನ್ನೊಂದು ಕೈಯಲ್ಲಿ ಒಂದು ಜಾಲಿ ಮುಳ್ಳು. ಮುಳ್ಳನ್ನು ಆ ತೂತಿಗೆ ಸಿಗಿಸಿ, ತುದಿ ಮುರಿದು, ಮೇಲೆ ಒಂದು ಚಿಟಿಕೆ ಮಣ್ಣು ಸವರಿ, ಬಹಳ ದಿನದ ಕಸುಬಿನವರ ಹಾಗೆ ಕೈ ಕೊಡವಿಕೊಂಡು ಎದ್ದರು. ತಿರುಗಿದರೆ ನಾನು.

"ಗಾಳಿ ಜಾಸ್ತಿ ಆಗಿತ್ತು ಕಣವ್ವ. ವಸಿ ಬುಟ್ಟೆ," ಎಂದರು.

"ಹೌದಾ ಅತ್ತೆ," ಎಂದೆ.

ಆಮೇಲೆ ಅತ್ತೆ ಸೆರಗಿನಲ್ಲಿ ದಬ್ಬಳ ಒರೆಸುತ್ತಾ, "ಗಾಡಿ ಮೂಲೆ ಸೇರುದ್ರೆ ಕ್ರಾಸ್‌ಗೆ ಓಗ್ಲೇಬೇಕಲ್ಲವ್ವ. ಓದ್ರೆ ಮಾತಾಡ್ಲೇಬೇಕಲ್ಲ. ಎಷ್ಟ್ ದಿನ ಸೌಟಲ್ಲೇ ಪಂಚರ್ ಆಕಾರು," ಎಂದರು. ದಬ್ಬಳವನ್ನು ರಾಗಿ ಕೋಣೆಯ ತೊಲೆಯ ಸಂದಿಗೆ, ಅದರ ಜಾಗಕ್ಕೇ ಸಿಕ್ಕಿಸಿದರು. ನಾನು ಯಾರಿಗೂ ಹೇಳಲಿಲ್ಲ. ಹನೂರಿನಿಂದ ಬಂದ ಗಂಡನಿಗೂ ಹೇಳಲಿಲ್ಲ. ಅವರು ಅವರಪ್ಪನ ಮಗ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಅತ್ತೆಯ ಗುಟ್ಟು ಒಂದು ಕಡೆಗಾಯಿತು. ಇನ್ನೊಂದು ಕಡೆ ನಾನು ಮಾಡುತ್ತಿದ್ದ ಕೆಲಸ ಬೇರೆಯೇ ಇತ್ತು. ಶಾಲೆಗೆ ಹೋಗುವ ದಾರಿಯೇ ಕ್ರಾಸು. ಸ್ಕೂಟರಿಗೆ ಗಾಳಿ ಹಾಕಿಸುವ ನೆಪದಲ್ಲಿ ನಿಂತರೆ ಅಂಗಡಿ ಮಾವ ಮೆಲ್ಲಗೆ ಕೇಳುತ್ತಿದ್ದರು.

"ಏನವ್ವ, ನಿಮ್ ಮಾವ ಇವತ್ತೂ ಸೌಟ್ ಇಡ್ಕಂಡವ್ರಾ?"

"ಹೂಂ ಮಾವ. ಎರಡು ಸೌಟು ಬಗ್ಗಿದವು."

"ತೂ, ಟ್ಯೂಬ್ ಅರ್ದೋಗ್ತದೆ! ತಕಾ, ಈ ಪಟ್ಟಿ ತಕಂಡೋಗು. ನಾನ್ ಕೊಟ್ಟೆ ಅಂತ ಬಾಯ್ಬುಟ್ಟೀಯ, ಜೋಕೆ."

ಹೀಗೆ ಟಯರ್ ಎಬ್ಬಿಸುವ ಕಬ್ಬಿಣದ ಪಟ್ಟಿಗಳು ನನ್ನ ಊಟದ ಚೀಲದಲ್ಲಿ ಮನೆಗೆ ಬಂದವು. ಕೊಳ್ಳೇಗಾಲದಲ್ಲಿ ಕೊಂಡೆ ಎಂದೆ. ಹಿಡಿಗೆ ಸುತ್ತಿದ್ದ ಕೆಂಪು ಟೇಪು ಸವೆದು ಮಾಸಿತ್ತು. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಒಸದಾ ಇದು?" ಎಂದರು. "ಈಗ ಹೀಗೇ ಮಾಡ್ತಾರೆ ಮಾವ," ಎಂದೆ. ಅವರು ಮತ್ತೇನೂ ಕೇಳಲಿಲ್ಲ.

ಪಟ್ಟಿಯ ಹಿಂದೆ ಉಪ್ಪು ಕಾಗದ ಬಂತು, ಒಳ್ಳೆಯ ಸೊಲ್ಯೂಷನ್ ಬಂತು, ಪಾಠವೂ ಬಂತು. ತೇಪೆ ಹಾಕುವ ಜಾಗವನ್ನು ಹೊಳಪು ಹೋಗುವವರೆಗೆ ಉಜ್ಜಬೇಕು. ಸೊಲ್ಯೂಷನ್ ಬಳಿದ ಮೇಲೆ ಒಂದು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿರಬೇಕು. ಟಯರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಬೇಕು, ಅವಸರ ಮಾಡಿದರೆ ಬೆರಳಿಗೆ ಚುಚ್ಚುತ್ತದೆ. ಇದನ್ನೆಲ್ಲ ನಾನು ಫೋನಿನಲ್ಲಿ ವಿಡಿಯೊ ನೋಡಿ ಕಲಿತೆನೆಂದು ಮನೆಯಲ್ಲಿ ಹೇಳುತ್ತಿದ್ದೆ. ಬಿಳಿ ಪುಡಿಯ ಪಾಠವೂ ಅಲ್ಲಿಂದಲೇ ಬಂದದ್ದು. ಅಂಗಡಿ ಮಾವ ಹೇಳಿದ್ದು ಸೀಮೆಸುಣ್ಣದ ಪುಡಿ. ಮನೆಗೆ ತಲುಪುವಾಗ ಅದರ ಹೆಸರು ನನ್ನ ತಲೆಯಿಂದ ಬಿದ್ದುಹೋಗಿ ವಿಭೂತಿಗೆ ದಾರಿಯಾಯಿತು. ಸೀಮೆಸುಣ್ಣ ಮರೆತ ಮೇಷ್ಟ್ರಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಮಾವ ತೇಪೆ ಒತ್ತುತ್ತಾ, "ನಿನ್ ಪೋನಲ್ಲಿ ಮಾತಾಡಾ ಮನ್ಸ ಬಲ್ಲವ್ನು ಕಣವ್ವ. ನಮ್ ಕ್ರಾಸ್‌ನಲ್ಲಿರೋನಂಗಲ್ಲ," ಎಂದರು. ನಾನು ಮರುದಿನ ಹೋಗಿ ಮೊದಲರ್ಧವನ್ನು ಮಾತ್ರ ಅಂಗಡಿ ಮಾವನಿಗೆ ಹೇಳಿದೆ. ಅವರ ಮುಖ ಅರಳಿತು. "ಬಲ್ಲವ್ನು ಅಂದ್ರಾ? ಅಂಗೇ ಅಂದ್ರಾ?" ಎಂದು ಎರಡು ಸಲ ಕೇಳಿ, ನನ್ನ ಎರಡೂ ಚಕ್ರಕ್ಕೆ ಬೇಡವೆಂದರೂ ಗಾಳಿ ಹಾಕಿದರು. ಆ ದಿನ ಸ್ಕೂಟರು ಶಾಲೆಯವರೆಗೂ ಪುಟಿಯುತ್ತಾ ಹೋಯಿತು.

ಒಬ್ಬರು ಚುಚ್ಚುವವರು, ಒಬ್ಬರು ಕಲಿಸುವವರು, ನಡುವೆ ಮಾವ. ತಾನು ಯಾರ ಹಂಗೂ ಇಲ್ಲದೆ ಬದುಕುತ್ತಿದ್ದೇನೆ ಎಂದು ಅವರು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನನಗೆ ಈ ಆಟ ಬಹಳ ಖುಷಿ ಕೊಡುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅತ್ತೆಗೆ ಇದು ಆಟವಾಗಿರಲಿಲ್ಲ. ಮಾವನ ಕೈ ಪಳಗಿದಷ್ಟೂ ಅವರ ಆಸೆ ಕುಗ್ಗುತ್ತಿತ್ತು. ಅವರು ಚುಚ್ಚಿ ಒಳಗೆ ಬಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಾವ ಟ್ಯೂಬು ತೆಗೆದು ತೇಪೆ ಹಾಕಿರುತ್ತಿದ್ದರು. ತಮ್ಮ ಸಹಾಯ ಮಾಡಿ ಅಕ್ಕನ ಕೆಲಸ ಕೆಡಿಸುತ್ತಿದ್ದಾನೆ, ಆ ಸಹಾಯ ಹೊತ್ತು ತರುವವಳು ನಾನು. ಹೇಳಿದರೆ ಒಬ್ಬರಿಗೆ ದ್ರೋಹ, ಸುಮ್ಮನಿದ್ದರೆ ಇನ್ನೊಬ್ಬರಿಗೆ. ನಾನು ಸುಮ್ಮನಿದ್ದೆ.

ಮೂರನೆಯ ಗೌರಿ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಒಂದು ವಾರ ಇರುವಾಗ ಮಾವನ ಹತ್ತಿರ ತೇಪೆಗಳು ಮುಗಿದವು. "ಅಳೇ ಟ್ಯೂಬ್ ಕತ್ತರ್ಸಿ ತೇಪೆ ಮಾಡ್ಕಳಾಕೇಳು. ನಮ್ಮಪ್ಪನ ಕಾಲ್ದಲ್ಲೆಲ್ಲ ಅಂಗೇಯ," ಎಂದರು ಅಂಗಡಿ ಮಾವ. ನಾನು ಹಾಗೇ ಹೇಳಿದೆ. ಮನೆಯಲ್ಲಿದ್ದ ಹಳೇ ಟ್ಯೂಬು ಒಂದೇ. ಮಾವ ಕೊಟ್ಟಿಗೆಗೆ ಹೋಗಿ ಗೂಟದಿಂದ ಆ ಸಾಕ್ಷಿಯನ್ನು ಇಳಿಸಿದರು.

ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಯಾವ ಭಾಗ ಗಟ್ಟಿಯಿದೆ ಎಂದು ನೋಡಲು ಮಾವ ಅದಕ್ಕೆ ಗಾಳಿ ಹೊಡೆದು, ಬೇಸಿನ್ನಿನ ನೀರಿನಲ್ಲಿ ಅದ್ದಿದರು. ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಂದರು. ಅಂಗಡಿ ಮಾವ ಹಾಕಿದ್ದ ಚೌಕದ ತೇಪೆ ನೀರೊಳಗೆ ಹೋಯಿತು. ಒಂದೂ ಗುಳ್ಳೆ ಏಳಲಿಲ್ಲ. ಇನ್ನಷ್ಟು ತಿರುಗಿಸಿದರು. ವಾಲ್ವಿನ ಈಚೆ, ತೇಪೆಗೆ ಬಹಳ ದೂರದಲ್ಲಿ, ಸಣ್ಣ ಗುಳ್ಳೆಗಳು ಸಾಲಾಗಿ ಬಂದವು.

ಮಾವ ಟ್ಯೂಬು ಎತ್ತಿ ಒರೆಸಿ ಮತ್ತೆ ಅದ್ದಿದರು. ಮತ್ತೆ ಅಲ್ಲೇ ಗುಳ್ಳೆ. ತೇಪೆಯ ಅಂಚಿಗೆ ಉಗುಳು ಹಚ್ಚಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ತೇಪೆ ಹಾಕಿದ ದಿನದ ಹಾಗೇ ಕೂತಿತ್ತು. ನಾನು ಒಣಗಿಸಿದ ಸೀರೆಯನ್ನೇ ಮತ್ತೆ ತೆಗೆದು ಒಣಗಿಸಿದೆ.

"ಏನಾಯ್ತು ಮಾವ?"

"ಏನಿಲ್ಲ ಕಣವ್ವ. ನೀರು ಕೊಳೆ," ಎಂದರು. ಬೇಸಿನ್ನು ಚೆಲ್ಲಿದರು. ಟ್ಯೂಬನ್ನು ಕತ್ತರಿಸದೆ ಮತ್ತೆ ಗೂಟಕ್ಕೆ ಹಾಕಿದರು. ಅವತ್ತು ಊಟದಲ್ಲಿ ಉಪ್ಪು ಹೆಚ್ಚಾಯಿತೆಂದು ಬೈಯಲಿಲ್ಲ, ನಿಜವಾಗಿಯೂ ಹೆಚ್ಚಾಗಿತ್ತು.

ಆ ವಾರ ಗಾಡಿ ಪಂಚರ್ ಆಗಲಿಲ್ಲ. ಅತ್ತೆ ಕೈಬಿಟ್ಟಿದ್ದರು. ಹಬ್ಬಕ್ಕೆ ಮನೆ ಸಾರಿಸುತ್ತಾ, "ಈ ವರ್ಸ ಬಾಗಿನ ಕಳುಸ್ಬ್ಯಾಡ ಅಂತ ಏಳ್ಬುಡವ್ವ ಅವುನ್ಗೆ. ಆಟೊದೋರ್ ಕೈಲಿ ಬರಾದು ಬ್ಯಾಡ," ಎಂದು ನನಗೆ ಹೇಳಿದರು. ಹೇಳುವಾಗ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಅದನ್ನು ಅಂಗಡಿ ಮಾವನಿಗೆ ಹೇಳಲಿಲ್ಲ. ಇಷ್ಟೆಲ್ಲ ಮಾತು ಹೊತ್ತವಳಿಗೆ ಆ ಒಂದು ಮಾತನ್ನು ಹೊರಲು ಆಗಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತು. ರಾಗಿ ಕೋಣೆಯಿಂದ ಮಾವ ಬಂದರು. ಏನನ್ನೋ ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಕೊಟ್ಟಿಗೆಯ ಹಿಂದೆ ಹೋದರು. ಮೊಪೆಡ್ಡು ಅಲ್ಲೇ ನಿಂತಿತ್ತು. ನಾನು ಹುಲ್ಲಿನ ಮೆದೆಯ ಪಕ್ಕ ನಿಂತು ಇಣುಕಿದೆ. ಮಾವನ ಕೈಯಲ್ಲಿ ದಬ್ಬಳವಿತ್ತು.

ಅದು ಎಲ್ಲಿದೆ ಎಂದು ಅವರು ಯಾರನ್ನೂ ಕೇಳಿರಲಿಲ್ಲ. ತೊಲೆಯ ಸಂದಿಗೆ ನೇರವಾಗಿ ಕೈ ಹಾಕಿ ತಂದಿದ್ದರು. ಅವರಿಗೆ ಎಷ್ಟು ದಿನದಿಂದ ಗೊತ್ತಿತ್ತೋ, ಏನೇನು ಗೊತ್ತಿತ್ತೋ ಎಂದು ಹೊಳೆದು ನಾನು ಮೆದೆಯ ಹಿಂದಕ್ಕೆ ಇನ್ನಷ್ಟು ಸರಿದೆ.

ಚುಚ್ಚುವುದು ಅವರಿಗೆ ಬರಲಿಲ್ಲ. ಮೊದಲ ಸಲ ದಬ್ಬಳ ಜಾರಿ ಮಣ್ಣಿಗೆ ಹೋಯಿತು. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಚುಚ್ಚಿ ಗಾಡಿಯನ್ನೇ ಬೀಳಿಸುವುದರಲ್ಲಿದ್ದರು. ಕೊನೆಗೆ ನೆಲದ ಮೇಲೆ ಕೂತು, ಎರಡೂ ಕಾಲಿನಲ್ಲಿ ಚಕ್ರವನ್ನು ಅದುಮಿ ಹಿಡಿದು, "ಸಿವಾ," ಎಂದು ಒತ್ತಿದರು. ಸುಯ್ ಎಂದಿತು. ದಬ್ಬಳವನ್ನು ತಂದ ಹಾಗೇ ಒಳಗೆ ಇಟ್ಟು ಬಂದು, ಜಗಲಿಯಲ್ಲಿ ನಿಂತು ಜೋರಾಗಿ ಕೂಗಿದರು.

"ಅವ್ವಾ, ಗಾಡಿ ಪಂಚರ್ ಆಗ್ಬುಟ್ಟದೆ ಕಣವ್ವ!"

"ತೇಪೆ ಹಾಕ್ತೀರಾ ಮಾವ?"

"ಸೊಲ್ಯೂಷನ್ ಒಣಗೋಗದೆ."

ಸೊಲ್ಯೂಷನ್ ಟ್ಯೂಬು ಕಿಟಕಿಯಲ್ಲಿ ತುಂಬಿದಂತೆಯೇ ಇತ್ತು. ನಾನದನ್ನು ಕ್ಯಾಲೆಂಡರಿನ ಹಿಂದಕ್ಕೆ ಸರಿಸಿದೆ. "ಹಾಗಾದರೆ ಏನು ಮಾಡೋದು?" ಎಂದೆ, ಮುಖ ಗಂಟಿಕ್ಕಿಕೊಂಡು.

"ವಸಿ ಇಂದೆ ತಳ್ಳು ಬಾ. ಕ್ರಾಸ್‌ಗಂಟ."

ಗಾಡಿ ಒಬ್ಬರೇ ತಳ್ಳುವಷ್ಟು ಹಗುರ. ಆದರೆ ಮಾವ ಒಬ್ಬರೇ ಹೋಗಲಾರದೆ ಕರೆಯುತ್ತಿದ್ದರು. ನಾನು ತಳ್ಳಿದೆ. ಅತ್ತೆ ಬಾಗಿಲಿಗೆ ಬಂದು, ನಾವು ಹೋಗುತ್ತಿರುವ ದಿಕ್ಕು ನೋಡಿ, ಬಿಕ್ಕಿದ ಹಾಗೆ ಏನೋ ಸದ್ದು ಮಾಡಿ ಅಲ್ಲೇ ನಿಂತುಬಿಟ್ಟರು.

ಕ್ರಾಸಿನಲ್ಲಿ ಮಾವ ಲೈಟು ಕಂಬದ ಕಡೆ ತಿರುಗಿ, "ಇಲ್ಲಿ ಪಂಚರ್ ಆಕ್ತಾರಾ?" ಎಂದರು.

ಅಂಗಡಿ ಮಾವ ಕೂತಲ್ಲೇ ನೆಟ್ಟಗಾದರು. ಆಮೇಲೆ ನಾಯಿಗೆ, "ಸ್ಟ್ಯಾಂಡ್ ಆಕಾಕೇಳ್ಲಾ," ಎಂದರು. ನಾಯಿ ಬಾಲ ಅಲ್ಲಾಡಿಸಿತು. ಮಾವ ಸ್ಟ್ಯಾಂಡ್ ಹಾಕಿದರು.

ಅಂಗಡಿ ಮಾವ ಚಕ್ರ ಬಿಚ್ಚಿ, ಟಯರು ಎಬ್ಬಿಸಿ, ಟ್ಯೂಬು ಹೊರಗೆಳೆದರು. ಎಳೆದವರು ಹಾಗೇ ನಿಂತರು. ಟ್ಯೂಬಿನ ತುಂಬ ತೇಪೆ. ಒಂದೊಂದರ ಮೇಲೂ ಬೆಳ್ಳಗೆ ಮೂರು ಗೆರೆ ವಿಭೂತಿ. ಪುಡಿ ಬಳಿಯುವಾಗಲೂ ಮಾವನ ಬೆರಳು ಹಣೆಗೆ ಬಳಿದ ಅಭ್ಯಾಸದಂತೆಯೇ ಹೋಗಿತ್ತು. ಆಟೊದವರು ಬಗ್ಗಿ ನೋಡಿದರು. ಅಂಗಡಿ ಮಾವನ ಬಾಯಿಯಿಂದ, ತಡೆಯುವ ಮೊದಲೇ, ಮಾತು ಹೊರಬಿತ್ತು.

"ಏನ್ ಭಾವ ಇದು, ಟ್ಯೂಬ್‌ಗೆ ದೀಕ್ಷೆ ಕೊಡ್ಸಿದ್ದೀರಾ?"

ಮಾವ ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟರು. ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ. ಇಬ್ಬರೂ ನಗತೊಡಗಿದರು. ಆಟೊದವರೂ ನಕ್ಕರು. ನಗು ನಿಂತ ಮೇಲೆ ಮಾವ ರಸ್ತೆ ನೋಡುತ್ತಾ, ಆದರೆ ಎಲ್ಲರಿಗೂ ಕೇಳುವಂತೆ, ಅವತ್ತು ಕೂಗಾಡಿದ ಅದೇ ಜಾಗದಲ್ಲಿ ನಿಂತು ಹೇಳಿದರು.

"ಬೆಟ್ದಲ್ಲಿ ಗಾಳಿ ಬುಟ್ಟಿದ್ದು ನಿನ್ ತೇಪೆ ಅಲ್ಲ ಕಣ್ಲಾ. ನೀರಿಗ್ ಬುಟ್ಟು ನೋಡ್ದೆ. ಬ್ಯಾರೆ ಮುಳ್ಳು."

ಅಂಗಡಿ ಮಾವ ತಲೆ ಎತ್ತಲಿಲ್ಲ. ಟ್ಯೂಬಿನ ಒಂದು ತೇಪೆಯನ್ನು ಹೆಬ್ಬೆರಳಿನಿಂದ ಸವರಿ, "ಚೆನ್ನಾಗ್ ಕೂರ್ಸಿದ್ದೀರಿ ಭಾವ," ಎಂದರು.

"ಕಲ್ಸ್‌ದೋನು ಬಲ್ಲವ್ನು. ಪಟ್ಟಿಗೂ ಕೆಂಪು ಟೇಪ್ ಸುತ್ತಿ ಕಳುಸ್ತಾನೆ," ಎಂದು ಮಾವ ನನ್ನ ಕಡೆ ಒಂದು ನೋಟ ಬಿಟ್ಟರು. ನಾನು ಹುಣಸೆ ಮರ ನೋಡಿದೆ.

ಅಂಗಡಿ ಮಾವ ಟಯರಿನ ಒಳಗೆ ಬೆರಳಾಡಿಸುತ್ತಿದ್ದವರು ಹುಬ್ಬು ಗಂಟಿಕ್ಕಿದರು. "ಮುಳ್ಳೇ ಇಲ್ವಲ್ಲ ಭಾವ. ಇದು ದಬ್ಬಳದ್ ತೂತು ಇದ್ದಂಗದೆ."

"ನಂಗೇನ್ ಗೊತ್ತು? ನಿಮ್ಮಕ್ಕನ್ ಕೇಳು."

"ಅಕ್ಕನ್ನಾ? ಎಂಗ್ ಕೇಳಾನ?"

"ನಾಳೀಕೆ ಅಬ್ಬ ಅಲ್ವೇನ್ಲಾ. ಬಂದು ಕೇಳು," ಎಂದರು ಮಾವ.

ಮರುದಿನ ತಮ್ಮ ಬಂದರು. ಮೊರವನ್ನು ತಾವೇ ಹೊತ್ತು, ಬಿಳಿ ಅಂಗಿ ತೊಟ್ಟು, ಹೊಸ್ತಿಲಲ್ಲಿ ಹೊಸಬರಂತೆ ನಿಂತರು. ಅತ್ತೆ ಸೆರಗೊಡ್ಡಿ ಬಾಗಿನ ತೆಗೆದುಕೊಂಡರು. ಗೋಡೆಯ ಪಕ್ಕ ಇಟ್ಟಿದ್ದ ಹಿಂದಿನ ವರ್ಷಗಳ ಬಳೆಗಳನ್ನೂ ತಂದು, ಎಲ್ಲವನ್ನೂ ಒಟ್ಟಿಗೆ ತೊಟ್ಟುಕೊಂಡರು. ಕೈ ಆಡಿಸಿದರೆ ಮನೆಯೆಲ್ಲ ಸದ್ದು. ಹನೂರಿನಿಂದ ರಜೆಗೆ ಬಂದಿದ್ದ ನನ್ನ ಗಂಡ ಏನು ನಡೆದಿದೆ ಎಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದರು.

ಎಲೆ ಹಾಕಿ ಒಬ್ಬಟ್ಟು ಬಡಿಸಿದ ಮೇಲೆ ಅಂಗಡಿ ಮಾವ ಕೇಳಿಯೇಬಿಟ್ಟರು. "ಅಲ್ಲ ಅಕ್ಕ, ಗಾಡಿಗೆ ದಬ್ಬಳದಲ್ ಚುಚ್ದೆಯಂತೆ? ಭಾವ ಅಂದ್ರು."

ಅತ್ತೆಗೆ ರೋಷ ನೆತ್ತಿಗೇರಿತು. ತುಪ್ಪದ ಗಿಂಡಿ ಹಿಡಿದುಕೊಂಡೇ, "ಈ ಸತಿ ನಾನಲ್ಲ ಕಣ್ಲಾ!" ಎಂದುಬಿಟ್ಟರು.

ಅತ್ತೆ ತಾವು ಏನು ಹೇಳಿದೆವೆಂದು ತಿಳಿದು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ, ನಾನಲ್ಲದಿದ್ದರೆ ಮತ್ತೆ ಯಾರು ಎಂಬುದು ಅವರಿಗೆ ಮೆಲ್ಲಗೆ ಹೊಳೆಯಿತು. ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ, ನಾನೂ ಅಲ್ಲ ಎಂದು. ಮಾವನ ಕಡೆ ನೋಡಿದರು. ಮಾವ ಒಬ್ಬಟ್ಟನ್ನು ಜೀವಮಾನದಲ್ಲಿ ಮೊದಲ ಸಲ ಕಂಡವರಂತೆ ತಿರುಗಿಸಿ ನೋಡುತ್ತಿದ್ದರು.

ಅತ್ತೆ ಬಳೆ ಸದ್ದು ಮಾಡುತ್ತಾ ಹೋಗಿ ಮಾವನ ಪಕ್ಕ ಬಗ್ಗಿದರು. ಎಲೆ ತುಂಬಿ ಹರಿಯುವಷ್ಟು ತುಪ್ಪ ಬಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಬಗ್ಗಿದವರು, ಪಕ್ಕದಲ್ಲಿ ಬಡಿಸುತ್ತಿದ್ದ ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಕೇಳಿಸದಂತೆ, ಮಾವನ ಕಿವಿಯಲ್ಲಿ ಮೆಲ್ಲಗೆ ಹೇಳಿದರು.

"ಚುಚ್ಚಾದ್ಮ್ಯಾಲೆ ಒಂದ್ ಮುಳ್ಳು ಸಿಗುಸ್ಬೇಕು ಕಣ್ರೀ."